ಮಲ್ಟಿಪ್ಲೆಕ್ಸಾ, ಬೆಂಗಳೂರಾ, ನಮ್ಮ ಹಳೇ ಟಾಕೀಸಾ?

ಮೊದಲೇ ಹೇಳಿಬಿಡುತ್ತೇನೆ, ಕಲಾತ್ಮಕ ಚಿತ್ರ ನೋಡಲು ನನ್ನ ಓಟು ಹಳೇ ಟಾಕೀಸಿಗೆ. ಒಂದು ಭಾನುವಾರ ₹912 ಖರ್ಚು ಮಾಡಿ, ಹಣೆಯೇ ಇಲ್ಲದ ನಾಯಕಿಯನ್ನು ಎರಡು ತಾಸು ನೋಡಿ ಬಂದ ಮೇಲೆ ಈ ಮಾತು ಇನ್ನಷ್ಟು ಗಟ್ಟಿಯಾಯಿತು.

ನಾನು ಬಳ್ಳಾರಿಯ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಲೆಕ್ಕ ಬರೆಯುವವನು. ವಾರಕ್ಕೊಂದೇ ರಜೆ. ನನಗೆ ಸೇರುವ ಸಿನಿಮಾಗಳಲ್ಲಿ ಫೈಟು ಇರುವುದಿಲ್ಲ, ಕುಣಿತ ಇರುವುದಿಲ್ಲ. ಒಬ್ಬಾಕೆ ಬಾವಿಯಿಂದ ನೀರು ಸೇದುವುದನ್ನೇ ನಾಲ್ಕು ನಿಮಿಷ ತೋರಿಸುತ್ತಾರೆ, ನಾನು ಬಾಯಿ ತೆರೆದುಕೊಂಡು ನೋಡುತ್ತೇನೆ. ನಮ್ಮ ಕಟಿಂಗ್ ಮಾಸ್ತರ ಇವಕ್ಕೆ ‘ಅವಾರ್ಡ್ ಪಿಚ್ಚರ್’ ಅನ್ನುತ್ತಾನೆ. ಸೋಮವಾರ ಬೆಳಗ್ಗೆ ಅವನ ಪ್ರಶ್ನೆ ತಪ್ಪುವುದಿಲ್ಲ: “ಏನಣ್ಣಾ, ನಿನ್ನೆ ನಿದ್ದೆ ಚೆಂದ ಬಂತಾ?”

ತೆಲುಗು ಹೀರೋಗಳ ಕಟೌಟಿಗೆ ಹಾಲು ಸುರಿಯುವ ಊರಿನಲ್ಲಿ ಇಂಥ ಚಿತ್ರ ನೋಡಬೇಕೆಂದರೆ ಮೂರು ದಾರಿ. ಮಲ್ಟಿಪ್ಲೆಕ್ಸಿನಲ್ಲಿ ಯಾವಾಗಲೋ ಹಾಕುವ ಒಂದು ಬೆಳಗಿನ ಆಟ. ರಾತ್ರಿ ರೈಲು ಹತ್ತಿ ಬೆಂಗಳೂರು. ಇಲ್ಲವೇ ನಾವು ನಾಲ್ಕು ಜನ ಗೆಳೆಯರು ಸೇರಿ ಹಳೇ ಟಾಕೀಸನ್ನು ಒಂದು ಆಟಕ್ಕೆ ಬಾಡಿಗೆ ಹಿಡಿಯುವುದು. ಮೊಬೈಲು ನಾಲ್ಕನೆಯದು, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಕುಕ್ಕರ್ ಮೂರು ಸೀಟಿ ಕೂಗುವಷ್ಟರಲ್ಲಿ ಎರಡು ಸಲ ಫೋನ್ ಬರುತ್ತದೆ.

ಸೀಟಿನ ಮೆತ್ತೆ, ಎಸಿ, ಸೌಂಡು ಇವೆಲ್ಲ ಯಾವ ಕಡೆ ಚೆನ್ನಾಗಿವೆ ಅಂತ ಎಲ್ಲರಿಗೂ ಗೊತ್ತಿರುವುದೇ. ಅದನ್ನು ಬಿಟ್ಟು ಹಣೆಯ ವಿಷಯಕ್ಕೆ ಬರುತ್ತೇನೆ.

ಮಲ್ಟಿಪ್ಲೆಕ್ಸಿನ ಊರೂ ಬೇಡ, ಹೆಸರೂ ಬೇಡ. ಎರಡು ಟಿಕೆಟ್ಟಿಗೆ ₹500, ಬುಕಿಂಗ್ ಚಾರ್ಜು ₹62, ಹೆಂಡತಿ ಕೇಳಿದ ಪಾಪ್‌ಕಾರ್ನ್ ₹350. ಒಂದು ಸಣ್ಣ ಮಲಯಾಳಂ ಚಿತ್ರ, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ಲು. ಒಳಗೆ ಹದಿನಾಲ್ಕು ಜನ ಇದ್ದೆವು. ಶುರುವಾಗಿ ಐದು ನಿಮಿಷಕ್ಕೆ ಏನೋ ತಪ್ಪಿದೆ ಅನ್ನಿಸಿತು. ಯಾರು ಪರದೆಯ ಹತ್ತಿರ ಬಂದರೂ ಹುಬ್ಬಿನ ಮೇಲಕ್ಕೆ ಮುಖವೇ ಇಲ್ಲ. ಕೆಳಗಡೆ ಸಬ್‌ಟೈಟಲ್ಲಿನ ಮೊದಲ ಸಾಲು ಕಾಣುತ್ತದೆ, ಎರಡನೆಯ ಸಾಲು ಇಲ್ಲ. ಒಬ್ಬ ಮುದುಕ “ನಾನು ಅವತ್ತೇ ಹೇಳಿದ್ದೆ, ಆ ಹೊಲವನ್ನು” ಅನ್ನುತ್ತಾನೆ. ಆ ಹೊಲವನ್ನು ಮಾರಬೇಕಿತ್ತೋ ಮಾರಬಾರದಿತ್ತೋ ಎರಡನೆಯ ಸಾಲಿಗೇ ಗೊತ್ತು.

ಹೆಂಡತಿ ನನ್ನ ಕಿವಿಯ ಹತ್ತಿರ ಬಂದು ಕೇಳಿದಳು, “ಈಕಿ ಗಂಡ ಇದ್ದಾನೋ ಸತ್ತಾನೋ?” ಕಥೆಯ ಗಂಟೇ ಅದು. ಗಂಡ ಊರು ಬಿಟ್ಟು ಹೋಗಿ ವರ್ಷಗಳಾಗಿವೆ. ಇವಳು ತನ್ನನ್ನು ಏನಂದುಕೊಂಡಿದ್ದಾಳೆ ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಣೆಗೆ ಬೊಟ್ಟು ಇಟ್ಟಿದ್ದಾಳೋ ಇಲ್ಲವೋ ನೋಡಿಯೇ ತಿಳಿಯಬೇಕು. ಆ ಹಣೆಯನ್ನೇ ಇವರು ತಿಂದುಬಿಟ್ಟಿದ್ದರು.

ಎದ್ದು ಹೊರಗೆ ಬಂದೆ. ಬಾಗಿಲಲ್ಲಿ ನಿಂತಿದ್ದ ಹುಡುಗ ಒಳಗೆ ಇಣುಕಿ ನೋಡಿ, “ಸರ್, ಪಿಚ್ಚರೇ ಹಂಗಿರಬೋದು” ಅಂದ. ಪ್ರೊಜೆಕ್ಟರ್ ರೂಮಿನಲ್ಲಿ ಯಾರಿದ್ದಾರೆ ಅಂತ ಕೇಳಿದೆ. ಯಾರೂ ಇಲ್ಲವಂತೆ, ಬೀಗ ಹಾಕಿದೆಯಂತೆ. ಬೆಳಗ್ಗೆ ಒಮ್ಮೆ ಆಟಗಳ ಪಟ್ಟಿ ಹಾಕಿಟ್ಟರೆ ರಾತ್ರಿವರೆಗೆ ತಾನೇ ಓಡುತ್ತದಂತೆ. ಮ್ಯಾನೇಜರ್ ಬರಲು ಇಪ್ಪತ್ತು ನಿಮಿಷ. ಅಷ್ಟು ಹೊತ್ತು ಪಾಪ್‌ಕಾರ್ನ್ ಕೌಂಟರಿನ ಮುಂದೆ, ಸಾಲ ಕೇಳಲು ಬಂದವನ ಹಾಗೆ ನಿಂತಿದ್ದೆ. ಮ್ಯಾನೇಜರ್ ಒಳ್ಳೆಯ ಹುಡುಗ, ಟೈ ಕಟ್ಟಿದ್ದ. ಅವನಿಗೆ ತಪ್ಪು ಕಾಣಿಸಿತು ಕೂಡ. ಆದರೆ ಸರಿ ಮಾಡಲು ಆಟ ನಿಲ್ಲಿಸಬೇಕು, ಅದಕ್ಕೆ ಇನ್ನೆಲ್ಲೋ ಇರುವ ಟೆಕ್ನಿಕಲ್‌ನವರು ಫೋನ್ ಎತ್ತಬೇಕು, ಭಾನುವಾರ ಅವರು ಎತ್ತುತ್ತಿಲ್ಲ. ಕೊನೆಗೆ ನನ್ನ ಕೈಗೆ ಒಂದು ಪಾಪ್‌ಕಾರ್ನ್ ಕೂಪನ್ ಕೊಟ್ಟ. ಕೂಪನ್ ಹಿಡಿದು ಒಳಗೆ ಹೋದರೆ ನಾಯಕಿ ಅಳುತ್ತಿದ್ದಳು. ಯಾಕೆ ಅಂತ ಹೆಂಡತಿಯನ್ನು ಕೇಳಿದೆ. “ಎರಡನೇ ಲೈನ್‌ನಾಗೆ ಇತ್ತು” ಅಂದಳು.

ಆಗಿದ್ದು ಇಷ್ಟು. ಈಗಿನ ದೊಡ್ಡ ಚಿತ್ರಗಳು ಸ್ಕೋಪಿನಲ್ಲಿ, ಎತ್ತರಕ್ಕಿಂತ 2.39 ಪಟ್ಟು ಅಗಲವಾಗಿ ಇರುತ್ತವೆ. ಇನ್ನೊಂದು ಅಳತೆ ಫ್ಲಾಟ್, 1.85. ಹಳೆಯ ಚಿತ್ರಗಳು ಚೌಕಕ್ಕೆ ಹತ್ತಿರ, 1.37. ಇವತ್ತಿಗೂ ಕೆಲವು ನಿರ್ದೇಶಕರು ಬೇಕೆಂದೇ ಆ ಚೌಕದಲ್ಲಿ ತೆಗೆಯುತ್ತಾರೆ, ಅವನ್ನು ಫ್ಲಾಟ್ ಚೌಕಟ್ಟಿನ ನಡುವೆ ಕೂಡಿಸಿ, ಎಡಬಲ ಕಪ್ಪು ಬಿಟ್ಟು ಕಳಿಸುತ್ತಾರೆ. ಡಿಜಿಟಲ್‌ನ ಸಾಮಾನ್ಯ ಅಳತೆಯಲ್ಲಿ (2ಕೆ) ಫ್ಲಾಟಿನ ಎತ್ತರ 1080 ಚುಕ್ಕೆ (ಪಿಕ್ಸೆಲ್), ಸ್ಕೋಪಿನದು 858. ಫ್ಲಾಟ್ ಚಿತ್ರಕ್ಕೆ ಸ್ಕೋಪ್ ಸೆಟಿಂಗ್ ಇಟ್ಟುಬಿಟ್ಟರೆ ಮೇಲೆ 111, ಕೆಳಗೆ 111 ಚುಕ್ಕೆ ಪರದೆಯ ಆಚೆ ಬೀಳುತ್ತವೆ. ಅಂದರೆ ತಲೆ ಕಡೆ ಹತ್ತರಲ್ಲೊಂದು ಪಾಲು, ಕಾಲು ಕಡೆ ಹತ್ತರಲ್ಲೊಂದು ಪಾಲು. ನಮ್ಮ ಯೂನಿಟ್ಟಿನಲ್ಲಿ ಬಟ್ಟೆ ಮೇಲೆ ಬೇರೆ ಸೈಜಿನ ಪ್ಯಾಟರ್ನ್ ಇಟ್ಟು ಕಟ್ ಹೊಡೆದರೆ ಮಾಸ್ತರನ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಇಲ್ಲಿ ಕೂಪನ್ ಕೊಡುತ್ತಾರೆ.

ಇಷ್ಟೆಲ್ಲ ನಾನು ಪುಸ್ತಕ ಓದಿ ಕಲಿತದ್ದಲ್ಲ. ಹೇಳಿಕೊಟ್ಟದ್ದು ಟಾಕೀಸಿನ ಆಪರೇಟರ್. ಅವರನ್ನು ಎಲ್ಲರೂ ಚಾಚಾ ಅನ್ನುತ್ತಾರೆ. ನಾವು ಮೊದಲ ಸಲ ಬಾಡಿಗೆ ಮಾತಾಡಲು ಹೋದಾಗ ಮಾಲೀಕರು ದುಡ್ಡಿನ ಮಾತು ಎತ್ತಿದರು, ಚಾಚಾ ಕೇಳಿದ್ದು ಒಂದೇ: “ಏನಪ್ಪಾ, ಸ್ಕೋಪಾ, ಥರ್ಟಿಫೈವಾ?” ಹಳೆಯ ಪೋಸ್ಟರುಗಳ ಮೂಲೆಯಲ್ಲಿ ‘ಸಿನಿಮಾಸ್ಕೋಪ್’ ಅಂತಲೋ ‘35 ಎಂಎಂ’ ಅಂತಲೋ ಅಚ್ಚಾಗಿರುತ್ತಿತ್ತಲ್ಲ, ಅದು. ಅಂದರೆ ಚಿತ್ರ ಅಗಲ ಪರದೆಯದೋ, ಮಾಮೂಲಿ ಅಳತೆಯದೋ ಅಂತ. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಸೊಸೆ ತಂದ ಸೌಭಾಗ್ಯ’ ಬಂದದ್ದು 1977ರಲ್ಲಿ. ಅದೇ ವರ್ಷ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವೂ ಬಂತು, ಕಪ್ಪು-ಬಿಳುಪಿನಲ್ಲಿ. ಆ ಕಾಲದ ಆಪರೇಟರಿಗೆ ಪ್ರತಿ ಶುಕ್ರವಾರ ಕೇಳಲೇಬೇಕಾದ ಪ್ರಶ್ನೆ ಅದು. ಈಗ ಕೇಳುವವರೂ ಇಲ್ಲ, ಕೇಳಿದರೆ ಉತ್ತರ ಗೊತ್ತಿರುವವರೂ ಕಡಿಮೆ.

ಚಾಚಾ ಕೆಲಸಕ್ಕೆ ಸೇರಿದಾಗ ಕಾರ್ಬನ್ ಕಡ್ಡಿ ಉರಿಸಿ ಬೆಳಕು ಮಾಡುತ್ತಿದ್ದರಂತೆ. ಎರಡು ಕಡ್ಡಿಗಳ ನಡುವಿನ ಸಂದು ಹೆಚ್ಚಾದರೆ ಪರದೆ ಮಂಕಾಗುತ್ತದೆ, ಕೈಯಿಂದ ತಿರುಗಿಸುತ್ತಲೇ ಇರಬೇಕು. ಎರಡು ಸಾವಿರ ಅಡಿಯ ರೀಲು ಓಡುವುದು ಇಪ್ಪತ್ತೆರಡು ನಿಮಿಷ. ಮುಗಿಯುವ ಹೊತ್ತಿಗೆ ಪರದೆಯ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಮಿನುಗುತ್ತದೆ, ಕೆಲವೇ ಸೆಕೆಂಡಿಗೆ ಇನ್ನೊಂದು. ಅಷ್ಟರಲ್ಲಿ ಪಕ್ಕದ ಮಿಷನ್ನಿಗೆ ದಾಟಬೇಕು. ದಾಟದಿದ್ದರೆ ಪರದೆ ಬೆಳ್ಳಗಾಗುತ್ತದೆ, ಗಾಂಧಿ ಕ್ಲಾಸಿನಿಂದ ಅಪ್ಪ ಅಮ್ಮ ಎಲ್ಲ ಸೇರಿಸಿ ಬೈಗುಳ ಬರುತ್ತದೆ. “ಬಚ್ಚನ್ ಮುಖ ನಾನ್ ನೋಡಿಲ್ಲಪ್ಪ, ಮೂಲಿ ನೋಡೀನಿ” ಅನ್ನುತ್ತಾರೆ.

ಈಗ ಅಲ್ಲೂ ಡಿಜಿಟಲ್ಲೇ. ದೊಡ್ಡ ಚಿತ್ರಗಳು ಸ್ಯಾಟಲೈಟಿನಿಂದ ಇಳಿಯುತ್ತವೆ, ನಮ್ಮಂಥವರ ಚಿತ್ರ ಹಾಗೆ ಇಳಿಯುವುದಿಲ್ಲ. ಹಕ್ಕು ಇರುವವರಿಂದ ಒಪ್ಪಿಗೆ ಪತ್ರ ತರಿಸಿಕೊಂಡು (ಅದಿಲ್ಲದೆ ಮಾಲೀಕರು ಗೇಟು ತೆಗೆಯುವುದಿಲ್ಲ, ಸರಿಯೇ) ಲ್ಯಾಪ್‌ಟಾಪಿನಿಂದ ಪ್ರೊಜೆಕ್ಟರಿಗೆ ವೈರು ಎಳೆದು ಹಾಕಬೇಕು. ಎಪ್ಪತ್ತರ ದಶಕದ ಒಂದು ಕನ್ನಡ ಚಿತ್ರ ತಂದಿದ್ದೆವು. ಮೊದಲು ಇಲ್ಲೂ ತಲೆ ಕತ್ತರಿಸಿಯೇ ಬಂತು. ನಾನು ಬಾಲ್ಕನಿಯ ಕೊನೆಯ ಸಾಲಿನಲ್ಲಿ ನಿಂತು, ಬೆಳಕು ಬರುವ ಕಿಂಡಿಯ ಕಡೆ ತಿರುಗಿ “ಚಾಚಾ, ಹಣಿ ಇಲ್ಲ!” ಅಂತ ಕೂಗಿದೆ. ಕಿಂಡಿಯಲ್ಲಿ ಒಂದು ಮುಖ ಕಂಡಿತು. ಚಿತ್ರ ನಿಧಾನ ಕುಗ್ಗುತ್ತ ಬಂತು. “ಇನ್ನೊಂಚೂರು ಇಳಿಸ್ರಿ.” ಇಳಿಸಿದರು. “ಕುಂಕುಮ ಕಾಣ್ತೈತಾ?” ಅಂತ ಒಳಗಿನಿಂದ ಕೇಳಿದರು. ಕಾಣ್ತೈತೆ ಅಂದೆ. ಆಮೇಲೆ ಪರದೆಯ ಎರಡೂ ಕಡೆಯ ಕಪ್ಪು ಬಟ್ಟೆಯನ್ನು ಎಳೆದು ಚೌಕಕ್ಕೆ ತಂದು ನಿಲ್ಲಿಸಿದರು. ಎಲ್ಲ ಸೇರಿ ಮೂರು ನಿಮಿಷ. ಮಲ್ಟಿಪ್ಲೆಕ್ಸಿನಲ್ಲಿ ನಾನು ಕೇಳಿದ್ದೂ ಇಷ್ಟನ್ನೇ.

ಇಂಟರ್ವಲ್ ಬೇಡ ಅಂದರೆ ಕ್ಯಾಂಟೀನಿನವನು ಒಪ್ಪುವುದಿಲ್ಲ. ಎಷ್ಟನೇ ನಿಮಿಷಕ್ಕೆ ನಿಲ್ಲಿಸಲಿ ಅಂತ ಚಾಚಾ ಕೇಳಿದರು. 47 ಅಂದೆವು, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡರು. ಹೊರಗೆ ಬಂದರೆ ಬಿಸಿಬಿಸಿ ಮಂಡಾಳು ಒಗ್ಗರಣೆ, ಮಿರ್ಚಿ, ಮೇಲೆ ಅರ್ಧ ಚಹಾ.

ಅಲ್ಲಿ ಕೊರತೆಯೇ ಇಲ್ಲ ಅಂತಲ್ಲ. ಎಸಿ ಇಲ್ಲ. ಫ್ಯಾನುಗಳ ಸದ್ದಿನಲ್ಲಿ ಪಿಸುಮಾತಿನ ದೃಶ್ಯಗಳೆಲ್ಲ ಮೂಕಿ ಚಿತ್ರಗಳಾಗುತ್ತವೆ. ಫ್ಯಾನ್ ಆರಿಸಿದರೆ ಬಳ್ಳಾರಿಯ ಏಪ್ರಿಲ್ಲಿನಲ್ಲಿ ನಾವೇ ಆರಿಹೋಗುತ್ತೇವೆ. ಮಾಡಿನಲ್ಲಿ ಪಾರಿವಾಳಗಳು. ಒಮ್ಮೆ ಸಾವಿನ ದೃಶ್ಯದ ನಡುವೆ ‘ಬ್ಯಾಟರಿ ಕಡಿಮೆ ಇದೆ’ ಅಂತ ಲ್ಯಾಪ್‌ಟಾಪಿನ ಸೂಚನೆ ಪರದೆ ತುಂಬ ಬಂತು. ಅವಾರ್ಡ್ ಪಿಚ್ಚರಿಗೆ ಶಿಳ್ಳೆ ಬಿದ್ದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹೆಂಗಸರ ಬಾತ್‌ರೂಮಿನ ಬಗ್ಗೆ ನನ್ನ ಹೆಂಡತಿ ಹೇಳಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಈ ಒಂದು ವಿಷಯದಲ್ಲಿ ಮಲ್ಟಿಪ್ಲೆಕ್ಸ್ ಗೆದ್ದಿದೆ. ಅವಳ ಓಟನ್ನು ಕೇಳಿದರೆ ನನ್ನ ತೀರ್ಪು ಬಿದ್ದುಹೋಗಬಹುದು.

ಇನ್ನು ಬೆಂಗಳೂರು. ಇಂಥ ಚಿತ್ರಗಳಿಗೆ ನಿಜವಾದ ಮನೆ ಅಂತ ಇರುವುದು ಅಲ್ಲೇ. ಸುಚಿತ್ರಾ ಫಿಲ್ಮ್ ಸೊಸೈಟಿ 1971ರಲ್ಲಿ ಹುಟ್ಟಿದ್ದು, ಬನಶಂಕರಿಯಲ್ಲಿ ಅದಕ್ಕೆ ಸ್ವಂತ ಸಭಾಂಗಣ ಇದೆ. ಒಮ್ಮೆ ಹೋಗಿ ಕೂತಿದ್ದೆ. ಯಾರ ಫೋನೂ ಬೆಳಗಲಿಲ್ಲ, ಚಿತ್ರ ಮುಗಿದ ಮೇಲೂ ಯಾರೂ ತಕ್ಷಣ ಏಳಲಿಲ್ಲ. ಹಳ್ಳಿಯಲ್ಲಿ ಇದು ಆಗದ ಮಾತು ಅನ್ನುವವರಿಗೆ, ಹೆಗ್ಗೋಡಿನ ನೀನಾಸಮ್‌ನವರು 1973ರಲ್ಲೇ ಚಿತ್ರಸಮಾಜ ಕಟ್ಟಿದ್ದರು ಅಂತ ನೆನಪು ಮಾಡಬೇಕಾಗುತ್ತದೆ. ನಾಟಕದ ಬಳ್ಳಾರಿ ರಾಘವರು ಹಗಲು ವಕೀಲಿಕೆ ಮಾಡಿ ರಾತ್ರಿ ಬಣ್ಣ ಹಚ್ಚಿದ ಊರು ನಮ್ಮದು, ನಮಗೆ ಯಾಕೆ ಆಗಲಿಲ್ಲವೋ.

ಬೆಂಗಳೂರಿನ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೂ ಒಂದು ವರ್ಷ ಹೋಗಿದ್ದೆ. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಗ್ಗೆ ಬೆಂಗಳೂರು, ಉಳಿಯಲು ಭಾಮೈದನ ಮನೆ. ಪಾಸಿಗೆ ₹800, ರೈಲಿಗೆ ಹೋಗಿಬರಲು ₹520, ಊಟ-ಮೆಟ್ರೋ ಸೇರಿ ₹880. ಒಟ್ಟು ₹2,200. ಮೂರು ದಿನದಲ್ಲಿ ಹನ್ನೊಂದು ಚಿತ್ರ, ಒಂದಕ್ಕೆ ₹200 ಬಿತ್ತು.

ಟಾಕೀಸಿನದೂ ಹೇಳುತ್ತೇನೆ, ಲೆಕ್ಕ ಬರೆಯುವವನು ಲೆಕ್ಕ ಮುಚ್ಚಿಡಬಾರದು. ಒಂದು ಆಟದ ಬಾಡಿಗೆ ₹6,000, ತಲೆಗೆ ₹100 ಟಿಕೆಟ್ಟು. ಕಳೆದ ಸಲ 41 ಜನ ಬಂದರು. ₹1,900 ಕಡಿಮೆ ಬಿತ್ತು, ನಾಲ್ವರೂ ₹475 ಹಾಕಿದೆವು. ನನ್ನ ಟಿಕೆಟ್ಟೂ ಸೇರಿದರೆ ಒಂದು ಚಿತ್ರಕ್ಕೆ ₹575. ಮೂರರಲ್ಲಿ ಅತಿ ದುಬಾರಿ ನನಗೆ ಇಷ್ಟವಾದದ್ದೇ! ಬೆಂಗಳೂರಿನ ಲೆಕ್ಕಕ್ಕೆ ಮೂರು ದಿನದ ಸಂಬಳ ಕತ್ತರಿಯಾದದ್ದನ್ನು ಸೇರಿಸಿದರೆ ಅದೇ ಮೇಲೆ ಹೋಗುತ್ತದೆ ಅಂತ ಹೆಂಡತಿಗೆ ತೋರಿಸಿದ್ದೇನೆ. ನೋಡಿದಳು, ಏನೂ ಹೇಳಲಿಲ್ಲ. ಹನ್ನೊಂದು ಚಿತ್ರ ಒಟ್ಟಿಗೆ ನೋಡಿದರೆ ನನಗೆ ಒಂದರ ಮುದುಕ ಇನ್ನೊಂದರ ಮನೆಗೆ ಬಂದು ಕೂರುತ್ತಾನೆ ಅನ್ನುವುದು ಬೇರೆ ತಕರಾರು.

ಹಾಗಾಗಿ ನಾನು ಮಾಡಿಕೊಂಡಿರುವ ಪದ್ಧತಿ ಇದು: ನವೆಂಬರಿನಿಂದ ಫೆಬ್ರವರಿವರೆಗೆ ತಿಂಗಳಿಗೊಂದು ಭಾನುವಾರ ಟಾಕೀಸು, ಮ್ಯಾಟ್ನಿಗೆ ಮುಂಚೆ. ಬಿಸಿಲುಗಾಲದಲ್ಲಿ ರಜೆ ಸಿಕ್ಕರೆ ಬೆಂಗಳೂರು. ಮಲ್ಟಿಪ್ಲೆಕ್ಸಿಗೆ, ಚಿತ್ರ ಸ್ಕೋಪಿನಲ್ಲಿದೆ ಅಂತ ಮೊದಲೇ ಗೊತ್ತಿದ್ದರೆ ಮಾತ್ರ. ನಿಮಗೆ ಎಸಿ ಇಲ್ಲದೆ ಆಗುವುದಿಲ್ಲ, ದುಡ್ಡು ಹಾಕುವ ಮೂವರು ಗೆಳೆಯರೂ ಇಲ್ಲ ಅಂದರೆ ನನ್ನ ದಾರಿ ನಿಮಗೆ ಬೇಡ.

ಬರುವ ಭಾನುವಾರದ್ದು ಬಂಗಾಳಿ ಚಿತ್ರ. ಮೊನ್ನೆ ಬಾಡಿಗೆ ಅಡ್ವಾನ್ಸ್ ಕೊಡಲು ಹೋದಾಗ ಚಾಚಾ ಎರಡು ಷರತ್ತು ಹಾಕಿದರು. ಪೆನ್‌ಡ್ರೈವ್ ಶನಿವಾರ ಸಂಜೆಯೇ ಕೈಗೆ ಬರಬೇಕು, ಅವರು ಒಮ್ಮೆ ಓಡಿಸಿ ಅಳತೆ ನೋಡಿಕೊಳ್ಳುತ್ತಾರೆ. ಲ್ಯಾಪ್‌ಟಾಪಿಗೆ ಚಾರ್ಜರ್ ತರಬೇಕು.