ಆಂಕಿ–ಕ್ವಿಜ್ಲೆಟ್, ನೋಶನ್–ಅಬ್ಸಿಡಿಯನ್, ಲಿಂಕ್ಡ್‌ಇನ್–ಸ್ವಂತ ತಾಣ: ಒಂದೂವರೆ ವರ್ಷ ಬಳಸಿ ನೋಡಿದ ಮೇಲೆ

ಲೆಕ್ಕಪತ್ರದ ಕೆಲಸದಲ್ಲಿದ್ದ ನಾನು ಒಂದೂವರೆ ವರ್ಷದ ಹಿಂದೆ ಡೇಟಾ ಅನಾಲಿಸಿಸ್ ಕಡೆಗೆ ಹೊರಳುವ ತೀರ್ಮಾನ ಮಾಡಿದೆ. ಟೇಬಲ್‌ಗಳಲ್ಲಿರುವ ದತ್ತಾಂಶವನ್ನು ಕೇಳಿ ಪಡೆಯುವ ಭಾಷೆಯಾದ ಎಸ್‌ಕ್ಯೂಎಲ್, ಸಂಖ್ಯಾಶಾಸ್ತ್ರ, ಪ್ರೋಗ್ರಾಮಿಂಗ್‌ಗೆ ಸ್ವಲ್ಪ ಪೈಥಾನ್ ಕಲಿಯಬೇಕಿತ್ತು. ಕಲಿತದ್ದು ನನ್ನ ಮುಖ ನೋಡಿರದವರಿಗೂ ಕಾಣಬೇಕಿತ್ತು. ಹಗಲೆಲ್ಲ ನೌಕರಿ, ಓದಿಗೆ ಉಳಿಯುತ್ತಿದ್ದುದು ಸಂಜೆಯ ಒಂದೂವರೆ ಗಂಟೆ. ಸಮಯ ಅಷ್ಟು ಕಡಿಮೆ ಇದ್ದುದರಿಂದಲೇ ಸಾಧನಗಳನ್ನು ಜೋಡಿ ಜೋಡಿಯಾಗಿ ಇಟ್ಟು ಬಳಸಿ ನೋಡಿದೆ. ಪ್ರತಿ ಜೋಡಿಗೂ ಕನಿಷ್ಠ ಎರಡು ತಿಂಗಳು ಕೊಟ್ಟಿದ್ದೇನೆ.

ಕೋರ್ಸ್ ತಾಣಗಳ ವಿಷಯ ಬೇಗ ಮುಗಿಸಿಬಿಡುತ್ತೇನೆ. ಕೋರ್ಸೆರಾವನ್ನು ಸ್ಟ್ಯಾನ್‌ಫರ್ಡ್‌ನ ಇಬ್ಬರು ಪ್ರಾಧ್ಯಾಪಕರು, ಎಡ್‌ಎಕ್ಸ್ ಅನ್ನು ಎಂಐಟಿ ಮತ್ತು ಹಾರ್ವರ್ಡ್ ಸೇರಿ, ಎರಡನ್ನೂ 2012ರಲ್ಲೇ ಶುರು ಮಾಡಿದರು. ಎರಡರಲ್ಲೂ ಒಳ್ಳೆಯ ಪಾಠಗಳಿವೆ, ಸಪ್ಪೆ ಪಾಠಗಳೂ ಇವೆ. ತಾಣ ಯಾವುದು ಎನ್ನುವುದಕ್ಕಿಂತ ಆ ಕೋರ್ಸಿನಲ್ಲಿ ಕೈಯಾರೆ ಮಾಡಿ ಸಲ್ಲಿಸುವ ಲೆಕ್ಕಗಳು ಎಷ್ಟಿವೆ ಎಂದು ನೋಡಿಕೊಂಡು ಸೇರಿ. ಬರೀ ವಿಡಿಯೊ ನೋಡಿ ಮುಗಿಸಿದ ಒಂದು ಕೋರ್ಸಿನಿಂದ ನನ್ನ ಬಳಿ ಉಳಿದದ್ದು ಪ್ರಮಾಣಪತ್ರ ಒಂದೇ.

ಕಾರ್ಡುಗಳು: ಕ್ವಿಜ್ಲೆಟ್, ಆಂಕಿ

ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ ಇರುವ ಕಾರ್ಡುಗಳಿಂದ ನೆನಪನ್ನು ಪರೀಕ್ಷಿಸಿಕೊಳ್ಳುವ ಸಾಧನಗಳು ಇವೆರಡೂ. ಕ್ವಿಜ್ಲೆಟ್‌ನಿಂದ ಆರಂಭಿಸಿದೆ. ಆಂಡ್ರ್ಯೂ ಸದರ್ಲೆಂಡ್ ಎಂಬ ಹದಿನೈದರ ಹುಡುಗ ಫ್ರೆಂಚ್ ಪದಗಳನ್ನು ಕಲಿಯಲು 2005ರಲ್ಲಿ ಮಾಡಿಕೊಂಡ ಸಾಧನ ಇದು. 2007ರಲ್ಲಿ ಎಲ್ಲರಿಗೂ ತೆರೆಯಿತು. ಆ ಹುಟ್ಟಿನ ಗುಣ ಇವತ್ತಿಗೂ ಅದರಲ್ಲಿದೆ. ಹುಡುಕಿದರೆ ಬೇರೆಯವರು ಮಾಡಿಟ್ಟ ಸಿದ್ಧ ಕಾರ್ಡುಗಳು ಸಿಗುತ್ತವೆ, ಹೊಂದಿಸಿ ಬರೆಯುವ ಆಟವಿದೆ, ಬಳಸುವುದನ್ನು ಕಲಿಯಲು ಹತ್ತು ನಿಮಿಷ ಸಾಕು. ಮುಂದಿನ ವಾರ ಪರೀಕ್ಷೆ ಇದೆ, ನಲವತ್ತು ಪದಗಳ ಅರ್ಥ ಬಾಯಿಗೆ ಬರಬೇಕು ಎನ್ನುವವರಿಗೆ ನಾನು ಹೇಳುವುದು ಇದನ್ನೇ.

ಆಂಕಿಯ ಮುಖ ಅಷ್ಟು ಸುಂದರವಿಲ್ಲ. ಡೇಮಿಯನ್ ಎಲ್ಮ್ಸ್ 2006ರಲ್ಲಿ ಬಿಡುಗಡೆ ಮಾಡಿದ ಮುಕ್ತ ತಂತ್ರಾಂಶ. ಹೆಸರು ಜಪಾನಿ ಭಾಷೆಯದು, ಅರ್ಥ ಬಾಯಿಪಾಠ. ಕಂಪ್ಯೂಟರ್‌ನಲ್ಲೂ ಆಂಡ್ರಾಯ್ಡ್‌ನಲ್ಲೂ ಉಚಿತ, ಐಫೋನ್‌ಗೆ ಮಾತ್ರ ಹಣ ಕೊಡಬೇಕು. ಮೊದಲ ವಾರ ಅದರ ಸೆಟ್ಟಿಂಗ್ಸ್ ಪುಟ ನೋಡಿಯೇ ಬಿಟ್ಟುಬಿಡೋಣ ಅನ್ನಿಸಿತ್ತು. ಅದರ ಸತ್ವ ಇರುವುದು ಕಾರ್ಡ್ ಮತ್ತೆ ಯಾವಾಗ ಎದುರಿಗೆ ಬರಬೇಕು ಎಂಬ ಲೆಕ್ಕದಲ್ಲಿ. ಪೋಲೆಂಡಿನ ಪಿಯೋಟರ್ ವೊಜ್ನಿಯಾಕ್ 1987ರಲ್ಲಿ ರೂಪಿಸಿದ ಎಸ್‌ಎಂ-2 ಎಂಬ ಸೂತ್ರವೇ ಅದಕ್ಕೆ ಬಹುಕಾಲ ಆಧಾರ. 2023ರಿಂದ ಎಫ್‌ಎಸ್‌ಆರ್‌ಎಸ್ ಎಂಬ ಹೊಸ ಸೂತ್ರವೂ ಅದರೊಳಗೇ ಇದೆ. ನೂರರಲ್ಲಿ ಎಷ್ಟು ಕಾರ್ಡ್ ನೆನಪಿರಬೇಕು ಎಂದು ನೀವು ಹೇಳಿದರೆ ಅದು ನಿಮ್ಮದೇ ಹಿಂದಿನ ಉತ್ತರಗಳನ್ನು ನೋಡಿ ದಿನ ಗೊತ್ತುಮಾಡುತ್ತದೆ. ಮೊದಲೇ ಇಟ್ಟಿರುವ ಗುರಿ 90. ಅತ್ಯಾಸೆಯಿಂದ ನಾನು 97 ಎಂದು ಇಟ್ಟಾಗ ದಿನದ ಕಾರ್ಡುಗಳ ರಾಶಿ ಕೈಮೀರಿತು. ಮತ್ತೆ 90ಕ್ಕೆ ಇಳಿಸಿದ ಮೇಲೆ ಉಸಿರಾಡುವಂತಾಯಿತು.

ಮರೆವು ಮೊದಲು ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಸಾಗುತ್ತದೆ ಎಂಬುದನ್ನು ಜರ್ಮನ್ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ತೋರಿಸಿದ್ದರು. ಅದಕ್ಕಿಂತ ನನ್ನ ಕಣ್ಣು ತೆರೆಸಿದ್ದು ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ. ಪಾಠವನ್ನು ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಾದರು. ಪಾಠ ಒಪ್ಪಿಸು ಎಂದು ನಿಲ್ಲಿಸಿ ಕೇಳುತ್ತಿದ್ದ ಮೇಷ್ಟ್ರು ಮಾಡಿಸುತ್ತಿದ್ದುದು ಇದನ್ನೇ. ನಾನು ಮಾತ್ರ ಎಷ್ಟೋ ವರ್ಷ ಹಳದಿ ಮಾರ್ಕರ್ ಹಿಡಿದು ಗೆರೆ ಎಳೆಯುವುದನ್ನೇ ಓದು ಅಂದುಕೊಂಡಿದ್ದೆ.

ನನಗೆ ಕೆಲಸ ಮಾಡಿದ್ದು ಆಂಕಿ, ಅದೂ ನಾನೇ ಬರೆದ ಕಾರ್ಡುಗಳು. ಬೇರೆಯವರ ಸಿದ್ಧ ಡೆಕ್ (ಕಾರ್ಡುಗಳ ಕಟ್ಟು) ಇಳಿಸಿಕೊಂಡಾಗ ಉತ್ತರದ ಆಕಾರ ನೆನಪಾಗುತ್ತಿತ್ತು, ಅರ್ಥ ಬರುತ್ತಿರಲಿಲ್ಲ. ಮೊದಮೊದಲು ನಾನು ಬರೆದ ಕಾರ್ಡುಗಳೂ ಕೆಟ್ಟದಾಗಿದ್ದವು. ಎಸ್‌ಕ್ಯೂಎಲ್‌ನಲ್ಲಿ ಎರಡು ಟೇಬಲ್‌ಗಳ ಸಾಲುಗಳನ್ನು ಜೋಡಿಸುವುದಕ್ಕೆ ಜಾಯಿನ್ ಎನ್ನುತ್ತಾರೆ. ‘ಜಾಯಿನ್‌ಗಳ ವಿಧಗಳನ್ನು ವಿವರಿಸು’ ಎಂಬ ಒಂದು ಕಾರ್ಡ್ ಎರಡು ತಿಂಗಳು ಪೀಡಿಸಿತು; ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ, ಸರಿ ಎನ್ನಲೋ ತಪ್ಪು ಎನ್ನಲೋ ತಿಳಿಯದು. ಅದನ್ನು ಒಡೆದು ಆರು ಮಾಡಿದೆ. ‘ಎಡ ಟೇಬಲ್‌ನ ಸಾಲಿಗೆ ಬಲದಲ್ಲಿ ಜೋಡಿ ಸಿಗದಿದ್ದರೆ ಲೆಫ್ಟ್ ಜಾಯಿನ್ ಏನು ಕೊಡುತ್ತದೆ?’ ಉತ್ತರ: ಎಡದ ಸಾಲು ಉಳಿಯುತ್ತದೆ, ಬಲದ ಕಾಲಂಗಳಲ್ಲಿ ನಲ್, ಅಂದರೆ ಬೆಲೆ ಏನೂ ಇಲ್ಲ ಎಂಬ ಗುರುತು. ‘ನಲ್ ಸಮ ನಲ್ ಎಂದು ಹೋಲಿಸಿದರೆ ನಿಜ ಬರುತ್ತದೆಯೇ?’ ಬರುವುದಿಲ್ಲ, ‘ಇಸ್ ನಲ್’ ಎಂದೇ ಕೇಳಬೇಕು. ‘ವೇರ್ ಮತ್ತು ಹ್ಯಾವಿಂಗ್, ಗುಂಪು ಮಾಡುವ ಮೊದಲು ಸಾಲುಗಳನ್ನು ಸೋಸುವುದು ಯಾವುದು?’ ವೇರ್. ಒಂದು ಪ್ರಶ್ನೆ, ಒಂದು ಉತ್ತರ. ಹೀಗೆ ಒಡೆದು ಬರೆಯಲು ಕೂತಾಗಲೇ ನನಗೆ ಎಲ್ಲಿ ಅರ್ಥವಾಗಿಲ್ಲ ಎಂದು ಗೊತ್ತಾಗುತ್ತಿತ್ತು. ಕಲಿಕೆಯ ಅರ್ಧ ಭಾಗ ಕಾರ್ಡ್ ಬರೆಯುವುದರಲ್ಲೇ ಆಯಿತು ಎಂದು ಈಗ ಅನ್ನಿಸುತ್ತದೆ.

ಆಂಕಿ ಹಿಡಿಯುವವರು ತಿಳಿದಿರಬೇಕಾದದ್ದು ಒಂದಿದೆ. ಬಿಟ್ಟರೆ ಬಡ್ಡಿ ಬೆಳೆಯುತ್ತದೆ. ಮನೆಯಲ್ಲಿ ಕಾಯಿಲೆಯ ಓಡಾಟದಲ್ಲಿ ಎರಡು ವಾರ ತೆರೆಯಲಾಗಲಿಲ್ಲ, ವಾಪಸು ಬಂದಾಗ ನಾನೂರಕ್ಕೂ ಹೆಚ್ಚು ಕಾರ್ಡುಗಳು ಕಾಯುತ್ತಿದ್ದವು. ಹೊಸ ಕಾರ್ಡುಗಳನ್ನು ಸೊನ್ನೆಗೆ ಇಳಿಸಿ, ದಿನಕ್ಕೆ ಇಷ್ಟೇ ಎಂದು ಮಿತಿ ಹಾಕಿಕೊಂಡು ಎರಡು ವಾರದಲ್ಲಿ ತೀರಿಸಿದೆ. ದಿನಕ್ಕೆ 20 ಹೊಸ ಕಾರ್ಡ್ ಎಂಬುದು ಅದರಲ್ಲಿ ಮೊದಲೇ ಇಟ್ಟಿರುವ ಸಂಖ್ಯೆ. ನೌಕರಿ ಮಾಡುತ್ತ ಓದುವವರಿಗೆ ಅದು ಹೆಚ್ಚು. ನನಗೆ 8 ಸಾಕಾಯಿತು.

ಟಿಪ್ಪಣಿ: ನೋಶನ್, ಅಬ್ಸಿಡಿಯನ್

ಈ ಜೋಡಿಯಲ್ಲಿ ನನ್ನ ತೀರ್ಪು ಅಷ್ಟು ಗಟ್ಟಿಯಲ್ಲ. ನೋಶನ್‌ನಲ್ಲಿ ಟೇಬಲ್, ಕ್ಯಾಲೆಂಡರ್, ಕೆಲಸದ ಪಟ್ಟಿ ಎಲ್ಲ ಒಂದೇ ಕಡೆ. ನಾಲ್ಕು ಜನ ಸೇರಿ ಓದುವ ಗುಂಪಿಗೆ ಅದಕ್ಕಿಂತ ಅನುಕೂಲದ ಜಾಗ ನಾನು ಕಂಡಿಲ್ಲ. ಅಬ್ಸಿಡಿಯನ್ 2020ರಲ್ಲಿ ಬಂದದ್ದು. ಅದರ ಟಿಪ್ಪಣಿಗಳು ನಿಮ್ಮ ಕಂಪ್ಯೂಟರ್‌ನ ಒಂದು ಫೋಲ್ಡರ್‌ನಲ್ಲಿ ಮಾರ್ಕ್‌ಡೌನ್ ಫೈಲ್‌ಗಳಾಗಿ ಇರುತ್ತವೆ, ಅಂದರೆ ನೋಟ್‌ಪ್ಯಾಡ್‌ನಲ್ಲೂ ತೆರೆದು ಓದಬಹುದಾದ ಸಾದಾ ಬರಹ. ನೋಶನ್‌ನಲ್ಲಿದ್ದಾಗ ನಾನು ಸಂಜೆಗಟ್ಟಲೆ ಪುಟ ಸಿಂಗರಿಸಿದೆ. ಬಣ್ಣ, ಐಕಾನ್, ಪ್ರಗತಿಯ ಪಟ್ಟಿ. ಅದು ಸಾಧನದ ದೋಷವಲ್ಲ, ನನ್ನ ಚಪಲ. ಸಾದಾ ಫೋಲ್ಡರ್‌ಗೆ ಬಂದ ಮೇಲೆ ಸಿಂಗರಿಸಲು ಏನೂ ಇಲ್ಲದ್ದರಿಂದ ಬರೆಯುವುದೊಂದೇ ಉಳಿಯಿತು. ಆ ಫೈಲ್‌ಗಳು ಆಮೇಲೆ ನನ್ನ ಜಾಲತಾಣದ ಪುಟಗಳಾದವು; ಹಾಗಾಗುತ್ತದೆ ಎಂದು ಆಗ ಯೋಚಿಸಿರಲಿಲ್ಲ.

ಎಐ ಚಾಟ್‌ಬಾಟ್ ಬಗ್ಗೆಯೂ ಇಲ್ಲೇ ಹೇಳಬೇಕು, ಏಕೆಂದರೆ ಅದನ್ನೂ ಎರಡು ರೀತಿ ಬಳಸಿ ನೋಡಿದೆ. ಒಂದು ತಿಂಗಳು ಅಧ್ಯಾಯದ ಸಾರಾಂಶ ಬರೆದುಕೊಡು ಎಂದು ಕೇಳಿದೆ. ಸಾರಾಂಶಗಳು ಚೆನ್ನಾಗಿದ್ದವು, ತಿಂಗಳ ಕೊನೆಗೆ ನನಗೆ ನೆನಪಿದ್ದುದು ಬಹಳ ಕಡಿಮೆ. ಮುಂದಿನ ತಿಂಗಳು ಸಂಖ್ಯಾಶಾಸ್ತ್ರದ ಪಿ-ಮೌಲ್ಯ ಎಂದರೇನು ಎಂದು ನಾನೇ ಐದು ವಾಕ್ಯ ಬರೆದು, ಎಲ್ಲಿ ತಪ್ಪಿದೆ ಹೇಳು ಎಂದು ಕೇಳಿದೆ. ‘ಶೂನ್ಯ ಊಹೆ (ಪರಿಣಾಮವೇನೂ ಇಲ್ಲ ಎಂಬ ಆರಂಭದ ಊಹೆ) ನಿಜವಾಗಿರುವ ಸಂಭವ’ ಎಂದು ಬರೆದಿದ್ದೆ. ಬಹಳ ಜನ ಮಾಡುವ ತಪ್ಪು ಅದು. ಶೂನ್ಯ ಊಹೆ ನಿಜ ಎಂದಿಟ್ಟುಕೊಂಡರೆ ಇಷ್ಟು ಅಥವಾ ಇದಕ್ಕಿಂತ ವಿಪರೀತದ ಫಲಿತಾಂಶ ಬರುವ ಸಂಭವ ಎಷ್ಟು ಎಂಬುದು ಸರಿಯಾದ ಅರ್ಥ. ಆ ತಿದ್ದುಪಡಿ ಮರೆತಿಲ್ಲ. ಆದರೆ ಅದು ಹೇಳಿದ್ದನ್ನೂ ಪಠ್ಯಪುಸ್ತಕದ ಜೊತೆ ತಾಳೆ ನೋಡಲೇಬೇಕು, ಅಷ್ಟೇ ಧೈರ್ಯದಿಂದ ತಪ್ಪನ್ನೂ ಹೇಳಬಲ್ಲದು.

ನಾಲ್ಕು ಜನಕ್ಕೆ ಕಾಣುವುದು: ಲಿಂಕ್ಡ್‌ಇನ್, ಸ್ವಂತ ತಾಣ

2003ರ ಮೇ ತಿಂಗಳಲ್ಲಿ ತೆರೆದುಕೊಂಡ ಲಿಂಕ್ಡ್‌ಇನ್ 2016ರಿಂದ ಮೈಕ್ರೋಸಾಫ್ಟ್ ಕೈಯಲ್ಲಿದೆ. ನೇಮಕಾತಿಯವರು ಹುಡುಕುವುದು ಅಲ್ಲೇ, ಆದ್ದರಿಂದ ಬೇಡ ಎನ್ನುವ ಮಾತೇ ಇಲ್ಲ. ನನ್ನ ಪ್ರೊಫೈಲ್‌ನಲ್ಲಿ ಬದಲಾವಣೆ ತಂದದ್ದು ಒಂದೇ ಸಾಲು. ಹೆಸರಿನ ಕೆಳಗೆ ‘ಕಲಿಯುವ ಹಂಬಲವುಳ್ಳ ವೃತ್ತಿಪರ’ ಎಂದಿತ್ತು. ಅದನ್ನು ತೆಗೆದು ‘ಲೆಕ್ಕಪತ್ರದಲ್ಲಿ ಆರು ವರ್ಷ, ಬಿಲ್ಲುಗಳ ದತ್ತಾಂಶದಲ್ಲಿ ತಪ್ಪು ಹುಡುಕಲು ಎಸ್‌ಕ್ಯೂಎಲ್ ಬಳಸುತ್ತೇನೆ’ ಎಂದು ಬರೆದೆ. ಅಲ್ಲಿಯವರೆಗೆ ಬರುತ್ತಿದ್ದ ಸಂದೇಶಗಳು ಯಾವುದಕ್ಕೂ ಹೊಂದುತ್ತಿರಲಿಲ್ಲ. ಆಮೇಲೆ ಬಂದವು ಕಡಿಮೆ, ಆದರೆ ನನ್ನ ಕೆಲಸದ ಬಗ್ಗೆಯೇ ಇದ್ದವು. ಇನ್ನೊಂದು ಎಚ್ಚರಿಕೆ. ಆಫೀಸಿನ ಇಮೇಲ್‌ನಿಂದ ಖಾತೆ ತೆರೆದಿದ್ದರೆ ಇವತ್ತೇ ಸ್ವಂತ ಇಮೇಲ್ ಒಂದನ್ನು ಸೇರಿಸಿ. ಕೆಲಸ ಬಿಟ್ಟ ದಿನ ಆ ಇಮೇಲ್ ಮುಚ್ಚುತ್ತದೆ, ಪಾಸ್‌ವರ್ಡ್ ಮರೆತರೆ ಪ್ರೊಫೈಲ್‌ಗೆ ದಾರಿ ಇರುವುದಿಲ್ಲ.

ಸ್ವಂತ ತಾಣದ ವಿಷಯದಲ್ಲಿ ಮೊದಲ ಹೆಜ್ಜೆಯೇ ತಪ್ಪಿದೆ. ಎಳೆದು ಬಿಟ್ಟರೆ ಪುಟ ಸಿದ್ಧವಾಗುವ ಸೇವೆಯೊಂದನ್ನು ಹಿಡಿದೆ. ಎರಡು ಗಂಟೆಯಲ್ಲಿ ಬಹಳ ಚೆಂದದ ತಾಣ ಎದ್ದುನಿಂತಿತು. ಎಂಟು ತಿಂಗಳ ನಂತರ ಬಿಡಬೇಕೆಂದಾಗ ಬರಹಗಳನ್ನು ಹೊರತೆಗೆಯುವ ದಾರಿಯೇ ಇರಲಿಲ್ಲ. ಹದಿನಾಲ್ಕು ಪುಟಗಳನ್ನು ಒಂದೊಂದಾಗಿ ನಕಲಿಸಿಕೊಂಡೆ. ವಿಳಾಸವೂ ಆ ಸೇವೆಯ ಹೆಸರಿನಡಿ ಇದ್ದುದರಿಂದ ರೆಸ್ಯೂಮೆಯಲ್ಲಿ ಕೊಟ್ಟಿದ್ದ ಲಿಂಕ್‌ಗಳೆಲ್ಲ ಸತ್ತವು. ಇದು ಸಣ್ಣ ಸೇವೆಗಳ ಪಾಡು ಮಾತ್ರ ಅಂದುಕೊಳ್ಳಬೇಡಿ. ಉಚಿತ ತಾಣಗಳಿಗೆ ಜಾಗ ಕೊಡುತ್ತಿದ್ದ ಜಿಯೋಸಿಟೀಸ್ 2009ರಲ್ಲಿ, ಗೂಗಲ್‌ನ ಸಾಮಾಜಿಕ ಜಾಲತಾಣ ಗೂಗಲ್ ಪ್ಲಸ್ 2019ರಲ್ಲಿ ಬಾಗಿಲು ಹಾಕಿದವು, ಜನರು ಬರೆದದ್ದನ್ನೆಲ್ಲ ಸೇರಿಸಿಕೊಂಡು.

ಎರಡನೆಯ ಸಲ ಮೊದಲು ಡೊಮೈನ್ ಹೆಸರು ಕೊಂಡೆ, ನನ್ನದೇ ಖಾತೆಯಲ್ಲಿ, ಆಮೇಲೆ ತಾಣ. ವಿಳಾಸ ನಮ್ಮದಾದರೆ ಅದರ ಹಿಂದಿರುವ ಸೇವೆಯನ್ನು ಬದಲಾಯಿಸಿದರೂ ಬರುವವರಿಗೆ ದಾರಿ ತಪ್ಪುವುದಿಲ್ಲ. ವರ್ಡ್‌ಪ್ರೆಸ್ ಮತ್ತು ಗಿಟ್‌ಹಬ್ ಪೇಜಸ್ ಎರಡನ್ನೂ ನಡೆಸಿ ನೋಡಿದೆ. ವರ್ಡ್‌ಪ್ರೆಸ್ 2003ರಿಂದಿರುವ ಮುಕ್ತ ತಂತ್ರಾಂಶ; ಕಾಮೆಂಟು, ಫಾರ್ಮು, ಅಂಗಡಿ, ಏನು ಬೇಕಾದರೂ ಅದಕ್ಕೆ ಸೇರಿಸಬಹುದು. ಆದರೆ ಅದನ್ನು ಸ್ವಂತವಾಗಿ ಹೋಸ್ಟ್ ಮಾಡಿದರೆ, ಅಂದರೆ ನಾವೇ ಸರ್ವರ್ ಜಾಗ ಪಡೆದು ನಡೆಸಿದರೆ, ಪ್ಲಗಿನ್ (ಸೇರಿಸಿಕೊಂಡ ಸೌಲಭ್ಯ) ಅಪ್‌ಡೇಟು, ಬ್ಯಾಕಪ್ಪು, ಭದ್ರತೆ ನಮ್ಮ ಹೆಗಲಿಗೇ ಬೀಳುತ್ತವೆ. ಗಿಟ್‌ಹಬ್ ಪೇಜಸ್ ಸಿದ್ಧ ಪುಟಗಳನ್ನು ಮಾತ್ರ ಬಡಿಸುತ್ತದೆ, ಡೇಟಾಬೇಸ್ ಇಲ್ಲ. ಪ್ರಕಟಿಸುವ ತಾಣ 1 ಜಿಬಿ ಮೀರಬಾರದು. ನನ್ನ ಇಪ್ಪತ್ತು ಪುಟಗಳು ಅದರ ಒಂದು ಮೂಲೆಗೂ ಬರುವುದಿಲ್ಲ. ಅದಕ್ಕೆ ಬೇಕಾದ, ಫೈಲ್‌ಗಳ ಬದಲಾವಣೆಗಳ ದಾಖಲೆ ಇಡುವ ಗಿಟ್ ಎಂಬ ಸಾಧನ ಕಲಿಯಲು ಎರಡು ವಾರಾಂತ್ಯ ಹೋಯಿತು, ಆದರೆ ಡೇಟಾ ಕೆಲಸಕ್ಕೆ ಗಿಟ್ ಹೇಗೂ ಬೇಕಿತ್ತು. ಕೋಡ್ ಮುಟ್ಟಲು ಇಷ್ಟವಿಲ್ಲದ ಶಿಕ್ಷಕರು, ವಕೀಲರು, ಅನುವಾದಕರು ಕೇಳಿದರೆ ವರ್ಡ್‌ಪ್ರೆಸ್ ಅನ್ನುತ್ತೇನೆ. ಸಂಶೋಧನೆಯಲ್ಲಿರುವವರು ಇದೆಲ್ಲಕ್ಕೂ ಮೊದಲು ಸಂಶೋಧಕರನ್ನು ಗುರುತಿಸುವ 16 ಅಂಕಿಗಳ ಓರ್ಕಿಡ್ (ORCID) ಸಂಖ್ಯೆ ಪಡೆಯಲಿ, ಒಂದೇ ಹೆಸರಿನ ಹತ್ತು ಜನರ ನಡುವೆ ನಿಮ್ಮ ಪ್ರಬಂಧಗಳು ನಿಮ್ಮವೆಂದು ಉಳಿಯುತ್ತವೆ.

ಲಿಂಕ್ಡ್‌ಇನ್ ಮತ್ತು ಸ್ವಂತ ತಾಣಕ್ಕೆ ಇರುವ ವ್ಯತ್ಯಾಸ ನನಗೆ ಸ್ಪಷ್ಟವಾದದ್ದು ಒಂದೇ ಬರಹವನ್ನು ಎರಡೂ ಕಡೆ ಹಾಕಿದಾಗ. ಲೆಫ್ಟ್ ಜಾಯಿನ್ ಮಾಡಿ, ಬಲ ಟೇಬಲ್‌ನ ಕಾಲಂ ಮೇಲಿನ ಷರತ್ತನ್ನು ‘ವೇರ್’ನಲ್ಲಿ ಹಾಕಿದರೆ ಜೋಡಿ ಸಿಗದ ಸಾಲುಗಳು ಸದ್ದಿಲ್ಲದೆ ಬಿದ್ದುಹೋಗುತ್ತವೆ, ಅದು ಜೋಡಿ ಸಿಕ್ಕ ಸಾಲುಗಳನ್ನಷ್ಟೇ ಕೊಡುವ ಇನ್ನರ್ ಜಾಯಿನ್ ಆಗಿಬಿಡುತ್ತದೆ, ಷರತ್ತು ಜೋಡಿಸುವ ನಿಯಮ ಬರೆಯುವ ‘ಆನ್’ನಲ್ಲಿ ಇರಬೇಕು. ನನ್ನನ್ನು ಒಂದಿಡೀ ದಿನ ಕಾಡಿದ ತಪ್ಪು ಅದು. ಲಿಂಕ್ಡ್‌ಇನ್‌ನಲ್ಲಿ ಚಿಕ್ಕದಾಗಿ ಬರೆದದ್ದಕ್ಕೆ ಮೂರು ದಿನ ಮೆಚ್ಚುಗೆ ಬಂತು, ಆಮೇಲೆ ಕೆಳಗೆ ಹೋಯಿತು. ತಾಣದಲ್ಲಿ ಉದಾಹರಣೆಯ ಟೇಬಲ್‌ಗಳ ಸಮೇತ ಹಾಕಿದ್ದನ್ನು ಮೊದಲ ತಿಂಗಳು ಯಾರೂ ನೋಡಲಿಲ್ಲ. ನಾಲ್ಕನೆಯ ತಿಂಗಳಿನಿಂದ ಹುಡುಕಾಟದ ಮೂಲಕ ಜನ ಬರತೊಡಗಿದರು. ಸಂದರ್ಶನವೊಂದರಲ್ಲಿ ಎದುರಿಗಿದ್ದವರು ಅದೇ ಪುಟ ತೆರೆದಿಟ್ಟುಕೊಂಡು, ಇದನ್ನು ಹೇಗೆ ಕಂಡುಹಿಡಿದಿರಿ ಎಂದು ಕೇಳಿದರು. ಉತ್ತರ ಹೇಳಲು ನಾನು ಏನನ್ನೂ ನೆನಪಿಸಿಕೊಳ್ಳಬೇಕಾಗಲಿಲ್ಲ.

ಕಳೆದ ತಿಂಗಳು ಗುರುತಿಲ್ಲದ ಒಬ್ಬರು ಇಮೇಲ್ ಬರೆದಿದ್ದರು. ಬಲ ಟೇಬಲ್‌ನ ಷರತ್ತನ್ನು ಎಂದಿಗೂ ‘ವೇರ್’ನಲ್ಲಿ ಹಾಕಬೇಡಿ ಎಂದಿದ್ದೀರಿ, ಅದು ತಪ್ಪು, ಜೋಡಿಯೇ ಇಲ್ಲದ ಸಾಲುಗಳನ್ನು ಹುಡುಕುವಾಗ ‘ಇಸ್ ನಲ್’ ಷರತ್ತು ‘ವೇರ್’ನಲ್ಲೇ ಇರಬೇಕಲ್ಲವೇ ಎಂದು. ಅವರ ಮಾತು ನಿಜ. ‘ಎಂದಿಗೂ’ ತೆಗೆದು ಪುಟ ತಿದ್ದಿ, ಕೆಳಗೆ ಕೃತಜ್ಞತೆ ಬರೆದೆ. ಆ ಸಂಜೆಯೇ ಆಂಕಿಯಲ್ಲಿ ಅದಕ್ಕೊಂದು ಹೊಸ ಕಾರ್ಡ್ ಸೇರಿತು.