ವೈರ್‌ಶಾರ್ಕ್: ಹಿಡಿಯುವಾಗಲೇ ಸೋಸಬೇಕಾ, ಹಿಡಿದ ಮೇಲಾ?

ವೈರ್‌ಶಾರ್ಕ್ ಅಂದರೆ ನೆಟ್‌ವರ್ಕ್‌ನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು (ಡೇಟಾದ ತುಣುಕುಗಳನ್ನು) ಹಿಡಿದು ತೋರಿಸುವ ಸಾಫ್ಟ್‌ವೇರ್. ಅದರಲ್ಲಿ ಫಿಲ್ಟರ್ ಎರಡು ಥರ. ಕ್ಯಾಪ್ಚರ್ ಫಿಲ್ಟರ್ ಪ್ಯಾಕೆಟ್ ಹಿಡಿಯುವಾಗಲೇ ಸೋಸುತ್ತದೆ. ಅಲ್ಲಿ ಬಿಟ್ಟದ್ದು ಫೈಲಿಗೆ ಬರುವುದೇ ಇಲ್ಲ. ಡಿಸ್‌ಪ್ಲೇ ಫಿಲ್ಟರ್ ಏನನ್ನೂ ಎಸೆಯುವುದಿಲ್ಲ, ಬೇಡದ್ದನ್ನು ಸುಮ್ನೆ ಮರೆ ಮಾಡುತ್ತದೆ. ಬರೆಯುವ ರೀತಿಯೂ ಬೇರೆ. 443ನೇ ಪೋರ್ಟ್‌ನ ಟ್ರಾಫಿಕ್ ಬೇಕಿದ್ದರೆ ಮೊದಲನೆಯದರಲ್ಲಿ ‘ಟಿಸಿಪಿ ಪೋರ್ಟ್ 443’, ಎರಡನೆಯದರಲ್ಲಿ ‘ಟಿಸಿಪಿ.ಪೋರ್ಟ್ == 443’.

ನಾನು ತುಂಬಾ ದಿನ ಮೊದಲನೆಯದನ್ನೇ ನಂಬಿದ್ದೆ. ಫೈಲ್ ಚಿಕ್ಕದಾಗಿರುತ್ತದೆ, ಬೇಗ ತೆರೆಯುತ್ತದೆ ಅಲ್ವಾ? ಆಮೇಲೆ ಒಂದು ಲಿನಕ್ಸ್ ಮೆಷಿನ್‌ನಿಂದ ಅಪ್‌ಲೋಡ್ ನಿಂತುಹೋಗುವ ತೊಂದರೆ ಬಂತು. ಚಿಕ್ಕ ಫೈಲ್ ಸಲೀಸಾಗಿ ಹೋಗುತ್ತಿತ್ತು, ದೊಡ್ಡದು ಶುರುವಿನಲ್ಲೇ ಸ್ತಬ್ಧ. ‘ಹೋಸ್ಟ್’ ಅಂತ ಬರೆದು ಮುಂದೆ ಸರ್ವರ್ ವಿಳಾಸ ಕೊಟ್ಟು ಕ್ಯಾಪ್ಚರ್ ಮಾಡಿದೆ. ಕಂಡದ್ದು ಕಪ್ಪು ಪಟ್ಟಿಯ ಮೇಲೆ ಕೆಂಪು ಅಕ್ಷರದ ಸಾಲುಗಳು ಮಾತ್ರ: ರೀಟ್ರಾನ್ಸ್‌ಮಿಷನ್ (ಉತ್ತರ ಬಾರದ ಪ್ಯಾಕೆಟ್ ಅನ್ನು ಮತ್ತೆ ಕಳಿಸುವುದು), ಮತ್ತೆ ರೀಟ್ರಾನ್ಸ್‌ಮಿಷನ್. ಯಾಕೆ ಅಂತ ಗೊತ್ತಾಗಲಿಲ್ಲ.

ಮಾರನೇ ದಿನ ಫಿಲ್ಟರ್ ಇಲ್ಲದೆ ಹಿಡಿದು, ಅದೇ ವಿಳಾಸವನ್ನು ಡಿಸ್‌ಪ್ಲೇ ಫಿಲ್ಟರ್‌ಗೆ ಕೊಟ್ಟೆ. ಹೊಸದೊಂದು ಸಾಲು ಬಂತು. ದಾರಿಯ ನಡುವಿನ ರೌಟರ್ ಕಳಿಸಿದ ಐಸಿಎಂಪಿ (ನೆಟ್‌ವರ್ಕ್‌ನ ತೊಂದರೆ ತಿಳಿಸುವ ಸಂದೇಶ), ಟೈಪ್ 3, ಕೋಡ್ 4. ‘ಪ್ಯಾಕೆಟ್ ದೊಡ್ಡದಾಯಿತು, 1400 ಬೈಟ್‌ಗೆ ಇಳಿಸು’ ಎಂಬುದು ಅದರ ಮಾತು. ನಮ್ಮ ಮೆಷಿನ್‌ನ ಫೈರ್‌ವಾಲ್ ಐಸಿಎಂಪಿಯನ್ನೆಲ್ಲ ತಡೆಯುತ್ತಿತ್ತು. ಹಾಗಾಗಿ ಸುದ್ದಿ ಬಾಗಿಲವರೆಗೆ ಬಂದರೂ ಒಳಗೆ ಮುಟ್ಟಲಿಲ್ಲ, ಮೆಷಿನ್ ದೊಡ್ಡ ಪ್ಯಾಕೆಟ್‌ಗಳನ್ನೇ ಮತ್ತೆ ಮತ್ತೆ ಕಳಿಸುತ್ತಿತ್ತು.

ಮೊದಲ ದಿನ ಅದು ಯಾಕೆ ಕಾಣಲಿಲ್ಲ? ಕ್ಯಾಪ್ಚರ್ ಫಿಲ್ಟರ್‌ನ ‘ಹೋಸ್ಟ್’ ಪ್ಯಾಕೆಟ್‌ನ ಹೊರಗಿನ ಐಪಿ ಹೆಡರ್ (ಕಳಿಸಿದವರ, ಪಡೆಯುವವರ ವಿಳಾಸ ಇರುವ ಭಾಗ) ಮಾತ್ರ ನೋಡುತ್ತದೆ. ಅಲ್ಲಿದ್ದದ್ದು ರೌಟರ್ ಮತ್ತು ನಮ್ಮ ವಿಳಾಸ. ಸರ್ವರ್ ವಿಳಾಸ ಇದ್ದದ್ದು ಐಸಿಎಂಪಿಯ ಹೊಟ್ಟೆಯೊಳಗೆ, ಹಿಂದಿರುಗಿ ಬಂದ ಮೂಲ ಹೆಡರ್‌ನಲ್ಲಿ. ಡಿಸ್‌ಪ್ಲೇ ಫಿಲ್ಟರ್ ಅದನ್ನೂ ಬಿಚ್ಚಿ ನೋಡುತ್ತದೆ. ನನ್ನ ಮನಸ್ಸು ಬದಲಾದದ್ದು ಆ ಒಂದು ಸಾಲಿನಿಂದ.

ಬರೆಯುವುದಕ್ಕೂ ಡಿಸ್‌ಪ್ಲೇ ಫಿಲ್ಟರೇ ಸಲೀಸು. ಯಾವುದೇ ಫೀಲ್ಡ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಅಪ್ಲೈ ಆಸ್ ಫಿಲ್ಟರ್’ ಒತ್ತಿದರೆ ಸಾಕು. ರೀಟ್ರಾನ್ಸ್‌ಮಿಷನ್ ಮಾತ್ರ ತೋರಿಸು ಅನ್ನಬಹುದು, ಕ್ಯಾಪ್ಚರ್ ಫಿಲ್ಟರ್‌ಗೆ ಅದು ಆಗದು. ಒಂದು ಎಚ್ಚರಿಕೆ: 3.6ಕ್ಕಿಂತ ಹಳೆಯ ಆವೃತ್ತಿಯಲ್ಲಿ ಒಂದು ವಿಳಾಸವನ್ನು ಬಿಡಲು ‘!=’ (ಸಮ ಅಲ್ಲ) ಹಾಕಿದರೆ ಆ ವಿಳಾಸದ ಪ್ಯಾಕೆಟ್‌ಗಳೂ ಉಳಿಯುತ್ತವೆ. ಪ್ಯಾಕೆಟ್‌ನ ಎರಡು ವಿಳಾಸದಲ್ಲಿ ಒಂದು ಬೇರೆ ಇದ್ದರೂ ಅದು ಸರಿ ಅಂದುಬಿಡುತ್ತಿತ್ತು.

ಹಾಗಂತ ಕ್ಯಾಪ್ಚರ್ ಫಿಲ್ಟರ್ ಬೇಡ ಅಂತಲ್ಲ. ಟ್ರಾಫಿಕ್ ಜಾಸ್ತಿ ಇರುವ ಸರ್ವರ್‌ನಲ್ಲಿ ಎಲ್ಲ ಹಿಡಿಯಲು ಹೋದರೆ ವೈರ್‌ಶಾರ್ಕ್ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ‘ಡ್ರಾಪ್ಡ್’ (ಹಿಡಿಯಲಾಗದೆ ಬಿಟ್ಟುಹೋದ ಪ್ಯಾಕೆಟ್) ಲೆಕ್ಕ ಏರುತ್ತದೆ, ಬೇಕಾದದ್ದೇ ಕೈತಪ್ಪಬಹುದು. ಎಸ್‌ಎಸ್‌ಎಚ್ (ದೂರದ ಮೆಷಿನ್‌ಗೆ ಲಾಗಿನ್ ಆಗುವ ದಾರಿ) ಮೂಲಕ ಹೋಗಿ ಅಲ್ಲಿ ಟಿಸಿಪಿಡಂಪ್ (ಕಮಾಂಡ್‌ನಲ್ಲಿ ಪ್ಯಾಕೆಟ್ ಹಿಡಿಯುವ ಸಾಧನ) ಓಡಿಸಿದರಂತೂ ನಮ್ಮದೇ ಸೆಷನ್‌ನ ಪ್ಯಾಕೆಟ್‌ಗಳು ತೆರೆ ತುಂಬುತ್ತವೆ.

ಅದಕ್ಕೇ ಈಗ ಕ್ಯಾಪ್ಚರ್ ಫಿಲ್ಟರ್‌ನಲ್ಲಿ ‘ಇದು ಬೇಕು’ ಅಂತ ಬರೆಯುವುದಿಲ್ಲ, ‘ಇದು ಬೇಡ’ ಅಂತ ಮಾತ್ರ ಬರೆಯುತ್ತೇನೆ. ಸಾಮಾನ್ಯವಾಗಿ ‘ನಾಟ್ ಪೋರ್ಟ್ 22’ (ಅಂದರೆ ಎಸ್‌ಎಸ್‌ಎಚ್ ಬೇಡ), ಅಷ್ಟೇ. ಡಿಸ್ಕ್ ತುಂಬದಂತೆ ರಿಂಗ್ ಬಫರ್ (ಹಳೆಯ ಫೈಲ್ ಅಳಿಸಿ ಹೊಸದು ಬರೆಯುವ ಏರ್ಪಾಡು), ತಲಾ 100 ಎಂಬಿಯ 10 ಫೈಲ್. ಉಳಿದ ಹುಡುಕಾಟವೆಲ್ಲ ಡಿಸ್‌ಪ್ಲೇ ಫಿಲ್ಟರ್‌ನಲ್ಲಿ.