ಬ್ರಾಕಿಯೋಪಾಡ್ ಪೆಟ್ಟಿಗೆ: ಕಲ್ಲಿಗೆ ಪೂರ್ತಿ ಅಂಕ, ಚೀಟಿಗೆ ಇಲ್ಲ

ಆನ್‌ಲೈನ್‌ನಲ್ಲಿ ತರಿಸಿದ ಪಳೆಯುಳಿಕೆ ಪೆಟ್ಟಿಗೆ ಇದು. ಒಳಗೆ ಬರೀ ಬ್ರಾಕಿಯೋಪಾಡ್‌ಗಳು, ಅಂದರೆ ಎರಡು ಚಿಪ್ಪಿನ ಕಡಲ ಪ್ರಾಣಿಗಳು, ಜೊತೆಗೊಂದು ಲೆನ್ಸು, ಮಡಿಚಿದ ಹಾಳೆ. ಮಾದರಿಗಳು ನಿಜಕ್ಕೂ ಚೆನ್ನಾಗಿವೆ. ಎರಡೂ ಚಿಪ್ಪು ಸೇರಿಕೊಂಡೇ ಇವೆ, ಕೀಲಿನ ಭಾಗ ಸವೆದಿಲ್ಲ. ಆದರೆ ರೆಕ್ಕೆ ಚಾಚಿದಂತೆ ಕಂಡದ್ದಕ್ಕೆಲ್ಲ 'ಸ್ಪಿರಿಫರ್' ಅಂತ ಚೀಟಿ ಅಂಟಿಸಿಬಿಟ್ಟಿದ್ದಾರೆ. ಹಿಂದೆ ಆ ಹೆಸರನ್ನು ಧಾರಾಳವಾಗಿ ಬಳಸುತ್ತಿದ್ದರು ನಿಜ, ಈಗ ಹಾಗಲ್ಲ.

ಮೊದಲ ಎರಡನ್ನೇ ನೋಡಿ. ಎರಡೂ ಡೆವೋನಿಯನ್ ಕಾಲದವು, ಅಂದರೆ ಸುಮಾರು 41.9 ಕೋಟಿಯಿಂದ 35.9 ಕೋಟಿ ವರ್ಷದ ಹಿಂದಿನವು. ಒಂದರಲ್ಲಿ ಕೀಲಿನ ಗೆರೆ ಎರಡೂ ಕಡೆ ಉದ್ದಕ್ಕೆ ಹೋಗಿ ಮುಳ್ಳಿನಂತೆ ಚೂಪಾಗಿ ಮುಗಿಯುತ್ತದೆ, ನಡುವಿನ ಉಬ್ಬಿನ ಮೇಲೆ ಏಣುಗಳಿಲ್ಲ. ಅದು ಮ್ಯೂಕ್ರೋಸ್ಪಿರಿಫರ್. ಇನ್ನೊಂದು ದಪ್ಪ, ಮೂಲೆಗಳು ದುಂಡಗೆ, ನಡುವಿನ ಉಬ್ಬು ಮಗುಚಿದ ದೋಣಿಯಂತೆ ಎದ್ದು ನಿಂತಿದೆ. ಅದು ಪ್ಯಾರಾಸ್ಪಿರಿಫರ್. ಅಮೆರಿಕದ ಒಹಾಯೊದ ಸಿಲ್ವೇನಿಯಾ ಬಳಿ ಸಿಗುವ ಇದರ ಕೆಲವು ಚಿಪ್ಪುಗಳು ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜವಾಗಿ ಚಿನ್ನದ ಬಣ್ಣದಲ್ಲಿ ಹೊಳೆಯುತ್ತವೆ.

ಮ್ಯೂಕ್ರೋಸ್ಪಿರಿಫರ್ ತುದಿ ಮುರಿದಿದ್ದರೆ ಏನು ಮಾಡೋದು? ಪೆಟ್ಟಿಗೆಯಲ್ಲಿ ಅಂಥದ್ದೂ ಒಂದಿದೆ, ನನಗಂತೂ ಅದೇ ಇಷ್ಟವಾದ ಕಲ್ಲು. ಬೆಳವಣಿಗೆಯ ಗೆರೆಗಳನ್ನು ಲೆನ್ಸಿನಲ್ಲಿ ಹಿಂಬಾಲಿಸಿ. ಚಿಪ್ಪು ನಿಜಕ್ಕೂ ದುಂಡಗಿದ್ದರೆ ಗೆರೆಗಳು ಅಂಚಿನ ಜೊತೆಗೇ ಬಾಗುತ್ತವೆ, ಮುರಿದಿದ್ದರೆ ರೆಕ್ಕೆಯ ಕಡೆ ಓಡುತ್ತಾ ಹೋಗಿ ತಟಕ್ಕನೆ ನಿಂತುಬಿಡುತ್ತವೆ. ಹಾಳೆಯಲ್ಲಿ ಇದರ ಮಾತೇ ಇಲ್ಲ!

ಮೂರನೆಯ 'ಸ್ಪಿರಿಫರ್' ಅಂತೂ ಆ ಗುಂಪಿನದೇ ಅಲ್ಲ. ದಪ್ಪ ಏಣುಗಳು, ಅಗಲವಾದ ಮೈ, ಮೇಲ್ನೋಟಕ್ಕೆ ಎಲ್ಲ ಅದೇ. ಆದರೆ ಹಿಂಬದಿಗೆ ತಿರುಗಿಸಿ ನೋಡಿದರೆ ಎರಡೂ ಚಿಪ್ಪಿನ ಕೊಕ್ಕಿನ ಕೆಳಗೆ ತ್ರಿಕೋನದ ಬಯಲು ಸರಿಸುಮಾರು ಒಂದೇ ಅಳತೆಯಲ್ಲಿದೆ. ಸ್ಪಿರಿಫರ್‌ಗಳಲ್ಲಿ ಒಂದು ಕಡೆಯದು ದೊಡ್ಡದು, ಇನ್ನೊಂದು ಕಡೆ ಬರೀ ಪಟ್ಟಿ. ಇದು ಡೆವೋನಿಯನ್‌ಗಿಂತ ಹಳೆಯದಾದ ಆರ್ಡೊವಿಶಿಯನ್ ಕಾಲದ ಪ್ಲಾಟಿಸ್ಟ್ರೋಫಿಯಾ ಬಳಗದ್ದು, ಸ್ಪಿರಿಫರ್‌ಗಳ ಚಿಪ್ಪಿನೊಳಗೆ ಇರುವಂಥ ಸುರುಳಿ ಇದರಲ್ಲಿ ಇರುವುದೇ ಇಲ್ಲ. ಅಮೆರಿಕದ ಸಿನ್ಸಿನಾಟಿ ಸುತ್ತಲಿನ ಇಂಥವನ್ನು 2007ರಿಂದ ವಿನ್‌ಲ್ಯಾಂಡೋಸ್ಟ್ರೋಫಿಯಾ ಅನ್ನುವ ಬೇರೆ ಕುಲಕ್ಕೆ (ಜೀನಸ್) ಸೇರಿಸಿದ್ದಾರೆ. ಹಳೆಯ ಹೆಸರೇ ಬರೆದಿದ್ದರೂ ಬೇಜಾರಿರಲಿಲ್ಲ, ಸ್ಪಿರಿಫರ್ ಅಂದರೆ ಹೇಗೆ?

ರಾಫಿನೆಸ್ಕ್ವಿನಾ ಮತ್ತು ಸ್ಟ್ರೋಫೊಮಿನಾ ಜೋಡಿಯ ಚೀಟಿಗಳು ಮಾತ್ರ ಸರಿ ಇವೆ. ಎರಡೂ ಚಪ್ಪಟೆ, ಎರಡರಲ್ಲೂ ಒಂದು ಚಿಪ್ಪು ಉಬ್ಬು, ಇನ್ನೊಂದು ತಗ್ಗು. ರಾಫಿನೆಸ್ಕ್ವಿನಾದಲ್ಲಿ ಉಬ್ಬಿರುವುದು ಕಾಂಡದ (ಪ್ರಾಣಿ ತಳಕ್ಕೆ ಅಂಟಿಕೊಳ್ಳುವ ದಂಟು) ಕಡೆಯ ಚಿಪ್ಪು, ಸ್ಟ್ರೋಫೊಮಿನಾದಲ್ಲಿ ಅದೇ ತಗ್ಗು. ಹಾಳೆಯ ಫೋಟೊದಲ್ಲಿ ಎರಡನ್ನೂ ಒಂದೇ ಬದಿಯಿಂದ ತೋರಿಸಿದ್ದಾರೆ, ಹಾಗಾದರೆ ವ್ಯತ್ಯಾಸ ಗೊತ್ತಾಗೋದು ಹೇಗೆ, ಅಲ್ವಾ?

ಕತ್ತರಿಸಿ ಉಜ್ಜಿದ ಮಾದರಿ ಒಂದಾದರೂ ಇರಬೇಕಿತ್ತು. ಎಷ್ಟೋ ಕುಲಗಳ ನಿಜವಾದ ವ್ಯತ್ಯಾಸ ಚಿಪ್ಪಿನ ಒಳಗಿದೆ, ಹೊರಗಿನಿಂದ ಎಷ್ಟು ನೋಡಿದರೂ ಅಷ್ಟೇ. ಅದಕ್ಕಿಂತ ದೊಡ್ಡ ಕೊರತೆ, ಯಾವ ಊರಿನದು, ಯಾವ ಪದರದ್ದು ಅಂತ ಎಲ್ಲೂ ಬರೆದಿಲ್ಲ. ಅದಿದ್ದರೆ ಅರ್ಧ ಕುಲಗಳನ್ನು ಮೊದಲೇ ಪಕ್ಕಕ್ಕಿಡಬಹುದಿತ್ತು. ಐದಕ್ಕೆ ಮೂರು ಕೊಡುತ್ತೇನೆ, ಮೂರೂ ಕಲ್ಲಿಗೇ.